ಲಿಟ್ಟೋ, ಸ್ಟೆನ್ಸಿಲ್ಲೋ

17 ಜೂನ್ 2025, ಮಂಗಳವಾರ
ಬೆಂಗಳೂರು

ಪುಟದ ತುಣುಕುಗಳನ್ನು ಲಿಟ್ ಲೈಬ್ರರಿಯಲ್ಲಿ ಬರೆಯೋದೋ ಸ್ಟೆನ್ಸಿಲ್‌ನಲ್ಲೋ ಅನ್ನೋದು ಅಂತೂ ಇವತ್ತು ತೀರ್ಮಾನ ಆಯ್ತು. ಲಿಟ್.

ನಮ್ಮಲ್ಲಿ ಗ್ರಾಹಕರ ಪೋರ್ಟಲ್ ರಿಯಾಕ್ಟ್‌ನಲ್ಲಿದೆ, ಸಿಬ್ಬಂದಿ ಬಳಸುವುದು ಆಂಗ್ಯುಲರ್‌ನಲ್ಲಿದೆ (ಎರಡೂ ವೆಬ್ ಪುಟ ಕಟ್ಟುವ ಸಲಕರಣೆಗಳು). ಇವೆರಡಕ್ಕೂ ಹಿರಿಯವಾದ, ಜಾವಾದ ಜೆಎಸ್‌ಪಿ ಪುಟಗಳು ಇನ್ನೂ ಗಟ್ಟಿಯಾಗಿಯೇ ಇವೆ. ಒಂದೇ ಬಟನ್‌ಗೆ ಮೂರು ಬಗೆಯ ನೀಲಿ. ಡಿಸೈನ್‌ನವರು ಬಣ್ಣ ಬದಲಿಸಿದರೆ ಮೂರು ಟಿಕೆಟ್. ವೆಬ್ ಕಾಂಪೊನೆಂಟ್, ಅಂದರೆ ಒಮ್ಮೆ ಬರೆದು ಎಲ್ಲ ಕಡೆ ಬಳಸುವ ತುಣುಕು, ಬೇಕು ಅನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ಯಾವುದರಲ್ಲಿ ಬರೆಯೋದು ಅನ್ನುವಲ್ಲೇ ಜಗಳ.

ಸ್ಟೆನ್ಸಿಲ್ ಪರ ನಿಂತವರು ಆಂಗ್ಯುಲರ್ ತಂಡದವರು, ಅವರ ವಾದ ಸುಳ್ಳಲ್ಲ. ಅಯಾನಿಕ್ ತಂಡ 2017ರಲ್ಲಿ ಹೊರತಂದ ಈ ಕಂಪೈಲರ್, ನಾವು ಬರೆದದ್ದನ್ನು ಕಸ್ಟಮ್ ಎಲಿಮೆಂಟ್ (ನಮ್ಮದೇ ಟ್ಯಾಗ್) ಆಗಿಸುವುದರ ಜೊತೆಗೆ ರಿಯಾಕ್ಟ್, ಆಂಗ್ಯುಲರ್, ವ್ಯೂಗಳಿಗೆ ಹೊದಿಕೆ ಕೋಡನ್ನೂ ತಾನೇ ಹುಟ್ಟಿಸುತ್ತದೆ. ಆಂಗ್ಯುಲರ್ ಫಾರ್ಮ್‌ಗೂ ಎಲಿಮೆಂಟ್‌ಗೂ ಕೊಂಡಿಯಾಗುವ ವ್ಯಾಲ್ಯೂ ಆಕ್ಸೆಸರ್ ಕೂಡ. ಲಿಟ್‌ನಲ್ಲಿ ಅದನ್ನು ಕೈಯಾರೆ ಬರೆಯಬೇಕು. "ಬರೆಯೋರು ಯಾರು?" ಅಂತ ಕೇಳಿದರು. ನಾನೇ ಅಂದೆ. ಇನ್‌ಪುಟ್, ಸೆಲೆಕ್ಟ್, ಚೆಕ್‌ಬಾಕ್ಸ್, ಡೇಟ್ ಪಿಕರ್, ಅಷ್ಟೇ ತಾನೆ.

ಎರಡು ವರ್ಷದ ಹಿಂದಾಗಿದ್ದರೆ ನಾನೂ ಸ್ಟೆನ್ಸಿಲ್ ಅನ್ನುತ್ತಿದ್ದೆನೇನೋ. ಆಗ ರಿಯಾಕ್ಟ್ ಕಸ್ಟಮ್ ಎಲಿಮೆಂಟ್‌ಗೆ ಆಬ್ಜೆಕ್ಟ್ ಕೊಟ್ಟರೂ ಅದನ್ನು ಸ್ಟ್ರಿಂಗ್ ಮಾಡಿ ಆಟ್ರಿಬ್ಯೂಟ್‌ಗೆ ತುರುಕುತ್ತಿತ್ತು; ನಮ್ಮದೇ ಈವೆಂಟ್ ಕೇಳಬೇಕಂದರೆ ರೆಫ್‌ನಿಂದ ಎಲಿಮೆಂಟನ್ನೇ ಹಿಡಿದು ಲಿಸನರ್ ಅಂಟಿಸಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19 ಆ ತೊಂದರೆ ಕಳೆಯಿತು. ನಮ್ಮ ಪೋರ್ಟಲ್ ಇನ್ನೂ 18ರಲ್ಲಿದೆ, ಆದರೆ 19ಕ್ಕೆ ಹೋಗುವವರೆಗೆ ಲಿಟ್‌ನವರದೇ ರಿಯಾಕ್ಟ್ ಪ್ಯಾಕೇಜ್ ಸಾಕು. ಇನ್ನೇನು ತಾನಾಗಿಯೇ ಇಲ್ಲವಾಗುವ ತೊಂದರೆಗಾಗಿ ಒಂದು ಕಂಪೈಲರನ್ನೇ ಮನೆಗೆ ತಂದಿಟ್ಟುಕೊಳ್ಳುವುದು ನನಗೆ ಒಗ್ಗಲಿಲ್ಲ. ಲಿಟ್ ಅಂದರೆ ಕುಗ್ಗಿಸಿದ ಮೇಲೆ ಸುಮಾರು 5 ಕೆಬಿ. ಬಿಲ್ಡ್ ಇಲ್ಲದೆ ಬರೀ ಜಾವಾಸ್ಕ್ರಿಪ್ಟ್‌ನಲ್ಲೂ ಓಡುತ್ತದೆ, ಜೆಎಸ್‌ಪಿ ಪುಟಗಳಿಗೆ ಬೇಕಾದ್ದೂ ಅದೇ. ಸರ್ವರ್‌ನಲ್ಲೇ ರೆಂಡರ್ ಆಗಬೇಕಿದ್ದರೆ ಲೆಕ್ಕ ಬೇರೆ, ಲಿಟ್‌ನ ಆ ಭಾಗ ಇನ್ನೂ ಲ್ಯಾಬ್ಸ್‌ನಲ್ಲೇ, ಅಂದರೆ ಪ್ರಯೋಗದ ಹಂತದಲ್ಲೇ ಇದೆ. ನಮಗದು ಬೇಡ.

ಇಷ್ಟಕ್ಕೂ ನಮ್ಮನ್ನು ಸತಾಯಿಸಿದ್ದು ಎರಡೂ ಅಲ್ಲ, ಶ್ಯಾಡೋ ಡಾಮ್, ಅಂದರೆ ಕಾಂಪೊನೆಂಟ್‌ನ ಒಳಭಾಗವನ್ನು ಪುಟದಿಂದ ಬೇರೆಯಾಗಿಡುವ ಬ್ರೌಸರ್‌ನ ಗೋಡೆ. ಮಾದರಿಗೆ ಎರಡರಲ್ಲೂ ಬರೆದ ಚಿಪ್‌ನಲ್ಲಿ (ಹೆಸರು ತೋರಿಸುವ ಪುಟ್ಟ ಚೌಕಟ್ಟು) "ಕೃಷ್ಣಪ್ಪ" ಅಂತ ಹಾಕಿದೆವು. ಡಿಸೈನ್‌ನಲ್ಲಿ ಸಾಲಿನ ಎತ್ತರ 1, ಜೊತೆಗೆ ಓವರ್‌ಫ್ಲೋ ಹಿಡನ್, ಚೌಕಟ್ಟು ಮೀರಿದ್ದು ಕಾಣದು. ಒತ್ತಕ್ಷರಗಳ ಬುಡವೇ ಕತ್ತರಿಸಿ ಹೋಯ್ತು. ಇಂಗ್ಲಿಷ್ ಹೆಸರಿಟ್ಟು ಡಿಸೈನ್ ಮಾಡಿದವರಿಗೆ ಇದು ಹೊಳೆಯುವುದಾದರೂ ಹೇಗೆ! ಮೊದಲಾಗಿದ್ದರೆ ಆಯಾ ತಂಡ ತನ್ನ ಸಿಎಸ್‌ಎಸ್‌ನಲ್ಲಿ ತೇಪೆ ಹಾಕಿಕೊಳ್ಳುತ್ತಿತ್ತು. ಈಗ ಹೊರಗಿನ ಸೆಲೆಕ್ಟರ್ ಒಳಗಿನ ಎಲಿಮೆಂಟನ್ನು ಮುಟ್ಟುವುದಿಲ್ಲ. ಹೊರಗಿನವರು ಶೈಲಿ ಬದಲಿಸಲು ಕಸ್ಟಮ್ ಪ್ರಾಪರ್ಟಿಯನ್ನೋ ಪಾರ್ಟನ್ನೋ ನಾವೇ ಬಿಟ್ಟುಕೊಡಬೇಕು. ಸಾಲಿನ ಎತ್ತರ 1.6 ಅಂತ ಕಾಂಪೊನೆಂಟ್ ಒಳಗೇ ಬರೆದೆ. ಫಾಂಟ್ ಕಥೆ ಉಲ್ಟಾ: ಫಾಂಟ್ ತರಿಸುವ ಫಾಂಟ್-ಫೇಸ್ ನಿಯಮವನ್ನು ಶ್ಯಾಡೋ ಒಳಗೆ ಬರೆದರೆ ಕೆಲಸ ಮಾಡುವುದಿಲ್ಲ, ಹೊರಗಿನ ಪುಟವೇ ನೋಟೊ ಸ್ಯಾನ್ಸ್ ಕನ್ನಡವನ್ನು ಲೋಡ್ ಮಾಡಬೇಕು. ಆದರೆ ಯಾವ ಫಾಂಟ್ ಅಂತ ಹೇಳುವ ಫಾಂಟ್-ಫ್ಯಾಮಿಲಿ ಗೋಡೆ ದಾಟಿ ಒಳಗೆ ಇಳಿದುಬರುತ್ತದೆ.

ಈವೆಂಟ್‌ಗಳಲ್ಲೂ ಇದೇ ಪಂಕ್ತಿಭೇದ. ಒಳಗಿನ ಬಾಕ್ಸ್‌ನ "ಇನ್‌ಪುಟ್" ಈವೆಂಟ್ ಹೊರಗೆ ಬರುತ್ತದೆ, "ಚೇಂಜ್" ಬರುವುದಿಲ್ಲ. ನಾವೇ ಮತ್ತೆ ಕಳಿಸಬೇಕು. ಜೆಎಸ್‌ಪಿ ಫಾರ್ಮ್ ಸಬ್ಮಿಟ್ ಮಾಡಿದಾಗ ತುಂಬಿದ ಮೌಲ್ಯ ಹೋಗಬೇಕಾದರೆ ಎಲಿಮೆಂಟ್ ಇಂಟರ್ನಲ್ಸ್ ಅನ್ನೋ ಬ್ರೌಸರ್ ಸೌಲಭ್ಯ ಬೇಕು, ಸಫಾರಿಗೆ ಅದು ಬಂದದ್ದೇ 2023ರ 16.4ರಲ್ಲಿ. ಇದ್ಯಾವುದನ್ನೂ ಸ್ಟೆನ್ಸಿಲ್ ತಪ್ಪಿಸುವುದಿಲ್ಲ, ಲಿಟ್ಟೂ ತಪ್ಪಿಸುವುದಿಲ್ಲ. ಹೇಗೂ ಬ್ರೌಸರ್ ಜೊತೆಗೇ ಗುದ್ದಾಡಬೇಕೆಂದ ಮೇಲೆ ನಡುವೆ ತೆಳುವಾದದ್ದು ಇರಲಿ ಅಂತ ಮಂಡಿಸಿದೆ. ಆಂಗ್ಯುಲರ್‌ನವರು ಒಪ್ಪಿದ್ದು ಇದಕ್ಕೋ, ಆಕ್ಸೆಸರ್ ನಾನು ಬರೆಯುತ್ತೇನೆ ಅಂದದ್ದಕ್ಕೋ ಗೊತ್ತಿಲ್ಲ.

ಉಳಿದದ್ದು ಹೆಸರಿನ ಪ್ರಶ್ನೆ. ಟ್ಯಾಗ್ ಹೆಸರುಗಳ ಪಟ್ಟಿ ಸಾಮಾನ್ಯವಾಗಿ ಇಡೀ ಪುಟಕ್ಕೆ ಒಂದೇ; ಅದೇ ಹೆಸರನ್ನು ಎರಡನೇ ಸಲ ನೋಂದಾಯಿಸಹೋದರೆ ಬ್ರೌಸರ್ ಎರರ್ ಎಸೆಯುತ್ತದೆ. ಜೆಎಸ್‌ಪಿ ಪುಟದೊಳಗೆ ರಿಯಾಕ್ಟ್ ತುಣುಕು ಕೂತಿರುವ ಕಡೆ ಕಾಂಪೊನೆಂಟ್‌ಗಳ ಎರಡು ಆವೃತ್ತಿ ಒಟ್ಟಿಗೆ ಬಂದೇ ಬರುತ್ತವೆ. ಬಂಡಲ್ ಒಳಗೆ ಸೇರಿಸದೆ ಒಂದೇ ಯುಆರ್‌ಎಲ್‌ನಿಂದ ಎಲ್ಲರೂ ತೆಗೆದುಕೊಳ್ಳಬೇಕು ಅಂದೆ. ರಿಯಾಕ್ಟ್‌ನವರು ಯೋಚಿಸಿ ಗುರುವಾರ ಹೇಳುತ್ತಾರಂತೆ.