ಹದಿನೇಳರ ಹರೆಯಕ್ಕೆ ಮನೆಯಿಲ್ಲದಿದ್ದರೆ

ರಾತ್ರಿ ತಂಗುದಾಣವೊಂದರಲ್ಲಿ ನಾನು ಸ್ವಯಂಸೇವಕಿಯಾಗಿದ್ದಾಗ, ಹದಿನೇಳು ವರ್ಷದ ಹುಡುಗನೊಬ್ಬ ಮಲಗುವ ಮುನ್ನ ದಿನವೂ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಅದರಲ್ಲಿದ್ದ ಜನನ ಪ್ರಮಾಣಪತ್ರ, ಅಂಕಪಟ್ಟಿ ಮತ್ತು ಎರಡು ಭಾವಚಿತ್ರಗಳನ್ನು ಎಣಿಸಿ ನೋಡಿ, ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಮಲಗುತ್ತಿದ್ದ. ಬೀಗ ಹಾಕಬಹುದಾದ ಒಂದು ಪೆಟ್ಟಿಗೆಯನ್ನೂ ನಾವು ಅವನಿಗೆ ಕೊಟ್ಟಿರಲಿಲ್ಲ. ಹಾಸಿಗೆ, ಹೊದಿಕೆ, ಊಟ ಕೊಟ್ಟೆವೆಂಬ ಸಮಾಧಾನದಲ್ಲಿದ್ದ ನನಗೆ, ಬೆಳಿಗ್ಗೆ ಬಾಗಿಲು ಹಾಕಿದ ಮೇಲೆ ಇವನು ಸಂಜೆಯವರೆಗೆ ಎಲ್ಲಿರುತ್ತಾನೆ ಎಂದು ಕೇಳಬೇಕೆನ್ನಿಸಿದ್ದು ಎಷ್ಟೋ ದಿನಗಳ ನಂತರ.

ಮನೆಯಿಲ್ಲದ ಹದಿಹರೆಯದವರಲ್ಲಿ ಅನೇಕರು ಬೀದಿಯಲ್ಲಿ ಕಾಣಿಸುವುದೇ ಇಲ್ಲ. ಇವತ್ತು ಸ್ನೇಹಿತನ ಮನೆ, ನಾಳೆ ದೂರದ ನೆಂಟರ ಮನೆ, ಆಮೇಲೆ ಪರಿಚಯವೇ ಇಲ್ಲದವರ ಕೋಣೆ ಎಂದು ದಿನ ತಳ್ಳುವ ಇವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮಲಗಲು ಜಾಗ ಕೊಟ್ಟವರು ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೇಳುವ ಅಪಾಯವೂ ಇಂಥ ಕಡೆಗಳಲ್ಲೇ ಹೆಚ್ಚು. ಆದ್ದರಿಂದ ತರಗತಿಯಲ್ಲಿ ತೂಕಡಿಸುವ, ಒಂದೇ ಬಟ್ಟೆಯಲ್ಲಿ ಬರುವ ಹುಡುಗ ಹುಡುಗಿಯರನ್ನು ಗದರುವ ಮೊದಲು "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?" ಎಂದು ಶಿಕ್ಷಕರು ಮೆಲ್ಲಗೆ ಕೇಳುವುದು ದೊಡ್ಡ ಸಹಾಯವೇ ಸರಿ.

ಜಗಳದಿಂದ ಮನೆ ಬಿಟ್ಟವರಿಗೆ ಆಪ್ತಸಮಾಲೋಚಕರ ಮಧ್ಯಸ್ಥಿಕೆಯಲ್ಲಿ ಹಿಂದಿರುಗುವ ದಾರಿ ಇರಬಹುದು. ಅಜ್ಜಿ, ಚಿಕ್ಕಪ್ಪ, ಅತ್ತೆ ಮುಂತಾದವರ ಆಸರೆಯೂ ದೊರೆಯಬಹುದು. ಆದರೆ ಹೊಡೆತಕ್ಕೆ, ಲೈಂಗಿಕ ದೌರ್ಜನ್ಯಕ್ಕೆ ಹೆದರಿ ಓಡಿಬಂದವರನ್ನು "ಎಷ್ಟಾದರೂ ಹೆತ್ತವರಲ್ಲವೇ" ಎಂದು ಮರಳಿ ಕಳುಹಿಸುವುದು ಅಪರಾಧಕ್ಕೆ ಕೈಜೋಡಿಸಿದಂತೆ. ಹದಿನೆಂಟು ತುಂಬದವರೆಲ್ಲರನ್ನೂ ಸಾಮಾನ್ಯವಾಗಿ ಮಕ್ಕಳೆಂದೇ ಪರಿಗಣಿಸುವ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ಕುಟುಂಬದ ಆಸರೆ ತಪ್ಪಿದ ಮಗುವಿಗೆ ಸರ್ಕಾರದಿಂದ ವಿಶೇಷ ರಕ್ಷಣೆ ಪಡೆಯುವ ಹಕ್ಕಿದೆ ಎಂದು ತನ್ನ 20ನೇ ವಿಧಿಯಲ್ಲಿ ಹೇಳುತ್ತದೆ. ಹಾಗಾಗಿ ಇದು ಯಾರದೋ ದಯೆಯ ಮಾತಲ್ಲ.

ತುರ್ತಿಗೆ ತಂಗುದಾಣ ಬೇಕು. ಅದು ವಯಸ್ಕರ ತಂಗುದಾಣಕ್ಕಿಂತ ಬೇರೆಯಾಗಿರಲೇಬೇಕು. ಅದರಾಚೆಗೆ ಏನು ಎಂಬುದೇ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ತರಬೇತಿ ಪಡೆದ ಕುಟುಂಬಗಳು ಕೆಲವು ರಾತ್ರಿಗಳಿಂದ ಕೆಲವು ತಿಂಗಳವರೆಗೆ ತಮ್ಮ ಮನೆಯ ಕೋಣೆಯೊಂದನ್ನು ಬಿಟ್ಟುಕೊಡುವ ಪದ್ಧತಿ ಒಂದು. ಫ್ರಾನ್ಸಿನಲ್ಲಿ ಬೆಳೆದು, 1990ರ ದಶಕದಲ್ಲಿ ಬ್ರಿಟನ್ನಿಗೂ ಬಂದ 'ಫೊಯೆ' ಎಂಬ ವಸತಿಗೃಹಗಳದ್ದು ಇನ್ನೊಂದು ಬಗೆ: ಅಲ್ಲಿ ಯುವಜನರಿಗೆ ಕೋಣೆಯ ಜೊತೆಗೆ ಓದು, ಕೆಲಸ, ತರಬೇತಿಗಳ ನೆರವೂ ಒಂದೇ ಸೂರಿನಡಿ ಸಿಗುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾದದ್ದು 'ಹೌಸಿಂಗ್ ಫಸ್ಟ್', ಅಂದರೆ ಮೊದಲು ಮನೆ ಎಂಬ ವಿಧಾನ. 1992ರಲ್ಲಿ ನ್ಯೂಯಾರ್ಕಿನಲ್ಲಿ ಮಾನಸಿಕ ಕಾಯಿಲೆಯಿದ್ದ ವಯಸ್ಕರಿಗಾಗಿ ಆರಂಭವಾದ ಇದನ್ನು ಕೆನಡಾದಲ್ಲಿ ಯುವಜನರಿಗೆ ಹೊಂದುವಂತೆ ರೂಪಿಸಿದ್ದಾರೆ. ಚಟ ಬಿಡು, ಚಿಕಿತ್ಸೆ ಪಡೆ, ಆಮೇಲೆ ಮನೆ ಎಂಬ ಷರತ್ತನ್ನು ಅದು ಒಪ್ಪುವುದಿಲ್ಲ. ಬೀಗದ ಕೈ ಮೊದಲು ಕೊಟ್ಟು, ಉಳಿದ ನೆರವನ್ನು ಅವರು ಬಯಸಿದಂತೆ ಒದಗಿಸುತ್ತದೆ. ನಿದ್ದೆಯೇ ಇಲ್ಲದ ಹುಡುಗಿಗೆ ಶಿಸ್ತು ಕಲಿಸಹೊರಡುವವರು ಈ ಕ್ರಮವನ್ನು ಒಮ್ಮೆಯಾದರೂ ಯೋಚಿಸಿ ನೋಡಬೇಕು. ಹಾಗೆಂದು ಹದಿನಾರರ ಮಕ್ಕಳನ್ನು ಒಂಟಿ ಕೋಣೆಯಲ್ಲಿ ಕೂರಿಸಿ ಬಂದರೆ ಕೆಲಸ ಮುಗಿಯಲಿಲ್ಲ. ಅಡುಗೆ, ಬಾಡಿಗೆ ಕರಾರು, ಬ್ಯಾಂಕ್ ಖಾತೆ ಎಲ್ಲವೂ ಅವರಿಗೆ ಹೊಸತು, ಒಂಟಿತನವಂತೂ ಇನ್ನೂ ಹೊಸತು.

ವಿಳಾಸವಿಲ್ಲದಿದ್ದರೆ ಶಾಲೆಯ ದಾಖಲಾತಿ, ಗುರುತಿನ ಚೀಟಿ, ಕೆಲಸದ ಅರ್ಜಿ ಒಂದೊಂದೂ ಅಡ್ಡಗೋಡೆಯಾಗುತ್ತದೆ. ಆ ಹುಡುಗ ತಂಗುದಾಣದ ವಿಳಾಸವನ್ನೇ ತನ್ನದೆಂದು ಬಳಸಬಹುದೆಂದು ನಾವು ಕೊನೆಗೂ ಪತ್ರ ಬರೆದುಕೊಟ್ಟೆವು. ಅವನು ಅದನ್ನು ಎರಡು ಬಾರಿ ಓದಿ, ಅದೇ ಕವರಿಗೆ ಸೇರಿಸಿದ.

ಹದಿನೆಂಟು ತುಂಬುವ ದಿನವೇ ಅನೇಕ ಕಡೆ ಮಕ್ಕಳ ವ್ಯವಸ್ಥೆ ಕೈಬಿಡುತ್ತದೆ. ಮನೆ ಮಠ ಇರುವವರ ಮಕ್ಕಳೇ ಆ ವಯಸ್ಸಿಗೆ ಸ್ವಂತ ಕಾಲ ಮೇಲೆ ನಿಲ್ಲಲಾರರು ಎಂದ ಮೇಲೆ, ಯಾರೂ ಇಲ್ಲದವರಿಂದ ಅದನ್ನು ಹೇಗೆ ನಿರೀಕ್ಷಿಸುವುದು? ಪರ್ಯಾಯ ಪಾಲನೆ, ಅಂದರೆ ಹೆತ್ತವರ ಬದಲು ಬೇರೆಯವರು ಮಕ್ಕಳನ್ನು ನೋಡಿಕೊಳ್ಳುವುದರ ಕುರಿತ ವಿಶ್ವಸಂಸ್ಥೆಯ ಮಾರ್ಗಸೂಚಿಗಳು 2009ರಲ್ಲೇ, ಆ ಪಾಲನೆಯಿಂದ ಹೊರಹೋಗುವ ಸಿದ್ಧತೆ ಸಾಕಷ್ಟು ಮೊದಲೇ ಆರಂಭವಾಗಬೇಕು, ಸಾಧ್ಯವಾದಲ್ಲೆಲ್ಲ ಪ್ರತಿಯೊಬ್ಬರಿಗೂ ಅದಕ್ಕೆಂದೇ ಒಬ್ಬ ವ್ಯಕ್ತಿಯನ್ನು ನೇಮಿಸಬೇಕು ಎಂದಿವೆ. ಆ ವ್ಯಕ್ತಿ ಮೂರು ತಿಂಗಳಿಗೊಮ್ಮೆ ಬದಲಾಗಬಾರದು ಎಂಬುದು ನನ್ನ ಸೇರ್ಪಡೆ. ನಡೆದ ಕಥೆಯನ್ನೆಲ್ಲ ಹೊಸ ಮುಖವೊಂದಕ್ಕೆ ಮೊದಲಿನಿಂದ ಹೇಳಬೇಕಾಗಿ ಬಂದಾಗ, ಎಷ್ಟೋ ಮಕ್ಕಳು ಸುಮ್ಮನೆ ಎದ್ದು ಹೊರಟುಹೋಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.