ಮೈಸೂರು ಝೂಗೆ ಹೊರಟಿದ್ದೀರಾ? ಮೊದಲು ವಾರ ನೋಡಿಕೊಳ್ಳಿ

ಎರಡು ವರ್ಷದ ಹಿಂದೆ ಹಾಸನದಿಂದ ಮಕ್ಕಳನ್ನು ಕಟ್ಟಿಕೊಂಡು ಮೈಸೂರು ಮೃಗಾಲಯದ ಗೇಟಿನವರೆಗೂ ಹೋಗಿ ವಾಪಸ್ ಬಂದಿದ್ದೆವು. ಅವತ್ತು ಮಂಗಳವಾರ. ಎದುರಿಗೆ ಎಳನೀರು ಕೊಚ್ಚುತ್ತಿದ್ದವರು "ಇವತ್ತು ಪ್ರಾಣಿಗಳಿಗೆ ವಾರದ ರಜಾ ಸಾರ್" ಅಂದರು. ಆರು ವರ್ಷದ ಮಗ ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದ. ದಸರಾ, ಬೇಸಿಗೆ ರಜೆಯ ಸಮಯದಲ್ಲಿ ಒಮ್ಮೊಮ್ಮೆ ಮಂಗಳವಾರವೂ ತೆಗೆದಿರುತ್ತಾರೆ, ಪೇಪರಿನಲ್ಲಿ ಬರುತ್ತೆ. ಅದು ಬಿಟ್ಟರೆ ಮಂಗಳವಾರ ಬಾಗಿಲು ಹಾಕಿರುತ್ತೆ.

ಈ ಸಲ ಗುರುವಾರ ಹೋದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿನ ಅಮ್ಮ. ಬೆಳಗಿನ ಜಾವ ಐದರ ಸುಮಾರಿಗೆ ಹಾಸನದಲ್ಲಿ ಬಸ್ ಹತ್ತಿದರೆ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಎಂಟಕ್ಕೆಲ್ಲ ಮೈಸೂರು. ಕೆಂಪು ಬಸ್ಸಾದರೆ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್, ಆಧಾರ್ ಮರೆಯಬೇಡಿ. ಐದು ಜನರಲ್ಲಿ ದುಡ್ಡು ಕೊಟ್ಟವನು ನಾನೊಬ್ಬ, ಮಗನದ್ದು ಅರ್ಧ. ಸಬರ್ಬನ್ ಸ್ಟ್ಯಾಂಡಿನಿಂದ ಝೂ ಎರಡು ಕಿಲೋಮೀಟರೂ ಇಲ್ಲ. ಆಟೋದವರೊಬ್ಬರು ಕೇಳಿದ ರೇಟಿಗೆ ಚಾಮುಂಡಿ ಬೆಟ್ಟಕ್ಕೇ ಹೋಗಿಬರಬಹುದಿತ್ತು. ಹತ್ತು ಹೆಜ್ಜೆ ಮುಂದೆ ನಡೆದು ಇನ್ನೊಬ್ಬರನ್ನು ಕೇಳಿ, ಮೀಟರ್ ಹಾಕುವವರು ಸಿಗುತ್ತಾರೆ.

ಬಾಗಿಲು ತೆಗೆಯೋದು ಎಂಟೂವರೆಗೆ. ಆಗಲೇ ಒಳಗಿರಬೇಕು, ಇದು ನನ್ನ ಹಟ. ಬಿಸಿಲೇರಿದ ಮೇಲೆ ಹುಲಿ, ಚಿರತೆ ಎಲ್ಲ ನೆರಳು ಹುಡುಕಿಕೊಂಡು ಮಲಗಿಬಿಡುತ್ತವೆ. ಹನ್ನೆರಡಕ್ಕೆ ಬಂದವರು ಒಂದು ಬಾಲದ ತುದಿ ನೋಡಿ "ಹುಲಿ ನೋಡಿದ್ವಿ" ಅಂತ ಹೇಳಿಕೊಂಡು ಹೋಗಬೇಕಾಗುತ್ತೆ. ಟಿಕೆಟ್ ಆನ್‌ಲೈನಲ್ಲೇ ತೆಗೆದರೆ ಸಾಲಿನ ಕಾಟ ತಪ್ಪುತ್ತೆ. ಶನಿವಾರ, ಭಾನುವಾರ ಜನವಂತೂ ಸಿಕ್ಕಾಪಟ್ಟೆ.

ಗೇಟಿನಲ್ಲಿ ಬ್ಯಾಗ್ ಬಿಚ್ಚಿಸಿ ನೋಡುತ್ತಾರೆ. ಪ್ಲಾಸ್ಟಿಕ್ ಕವರು, ಚಿಪ್ಸ್ ಪ್ಯಾಕೆಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ನೀರಿಗೆ ಸ್ಟೀಲ್ ಬಾಟಲಿ ಒಳ್ಳೇದು. ಅಮ್ಮ ರಾತ್ರಿಯೇ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದ್ದರು. ಅದನ್ನು ಬಸ್ ಇಳಿದ ತಕ್ಷಣ ಸ್ಟ್ಯಾಂಡಿನ ಬೆಂಚಿನ ಮೇಲೇ ಖಾಲಿ ಮಾಡಿದೆವು. ಹೊಟ್ಟೆ ತುಂಬಿದ ಮಕ್ಕಳು ಎರಡು ಗಂಟೆ ತಂಟೆ ಮಾಡಲ್ಲ.

ಒಳಗೆ ದಾರಿ ಒಂದೇ ದಿಕ್ಕಿಗೆ ಸುತ್ತಿಕೊಂಡು ಹೋಗುತ್ತೆ. ಬಿಟ್ಟು ಬಂದಿದ್ದನ್ನು ನೋಡೋಕೆ ಹಿಂದೆ ಹೋಗೋದು ಕಷ್ಟ, ಅದಕ್ಕೇ ಅವಸರ ಬೇಡ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆಯ ತೋಟದ ಹತ್ತು ಎಕರೆಯಲ್ಲಿ ಶುರುಮಾಡಿದ್ದು ಈಗ ನೂರೈವತ್ತು ಎಕರೆ ದಾಟಿದೆ. ಇತಿಹಾಸದ ಕಥೆ ಇರಲಿ, ಆ ಎಕರೆಗಳನ್ನೆಲ್ಲ ನಿಮ್ಮ ಕಾಲು ಲೆಕ್ಕ ಇಡುತ್ತೆ. ಅಮ್ಮನಿಗೆ ಬ್ಯಾಟರಿ ಗಾಡಿ ಮಾಡಿದೆವು. ವಯಸ್ಸಾದವರಿದ್ದರೆ ಒಳಗೆ ಕಾಲಿಟ್ಟ ಕೂಡಲೇ ಅದರ ಟಿಕೆಟ್ ಮಾಡಿಸಿ, ಹತ್ತು ಗಂಟೆ ಆದಮೇಲೆ ಸಾಲು ಬೆಳೆಯುತ್ತೆ. ಎಲ್ಲೆಲ್ಲಿ ನಿಲ್ಲಿಸುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ. ನಮಗೆ ಬೇಕಾದಷ್ಟು ಹೊತ್ತು ನಿಂತು ನೋಡುವ ಸುಖ ಅದರಲ್ಲಿಲ್ಲ.

ಜಿರಾಫೆ ಹತ್ತಿರ ನಾವು ಇಪ್ಪತ್ತು ನಿಮಿಷ ನಿಂತೆವು. ಎತ್ತರದಲ್ಲಿ ಕಟ್ಟಿದ್ದ ಸೊಪ್ಪಿಗೆ ಅದು ನಾಲಿಗೆ ಚಾಚಿದಾಗ ಮಗಳು ನನ್ನ ಕೈ ಹಿಂಡಿದಳು. ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣ! ಕೊಂಬೆಗೆ ಹಗ್ಗದ ಹಾಗೆ ಒಂದು ಸುತ್ತು ಸುತ್ತಿ, ಸರ್ರನೆ ಎಳೆದರೆ ಎಲೆ ಬಾಯೊಳಗೆ, ಕಡ್ಡಿ ಮಾತ್ರ ಅಲ್ಲೇ. "ಕರಿಬೇವು ಬಿಡಿಸೋಕೆ ಇಟ್ಟುಕೊಳ್ಳಬಹುದು" ಅಂದಳು ನನ್ನ ಹೆಂಡತಿ.

ಗೊರಿಲ್ಲಾ ಅಂಗಳಕ್ಕೆ ಬಂದಾಗ ಗಾಡಿ ಇಳಿದ ಅಮ್ಮ ಮತ್ತೆ ಹತ್ತಲೇ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವರನ್ನು ಇಲ್ಲಿಗೆ ಕರೆತಂದಿದ್ದೆ. ಆಗ ಇದ್ದದ್ದು ಪೋಲೋ, ಇಡೀ ದೇಶಕ್ಕೆ ಅದೊಂದೇ ಗೊರಿಲ್ಲಾ. ಜನರಿಗೆ ಬೆನ್ನು ಹಾಕಿ ಕೂತಿತ್ತು. ಅಮ್ಮ ಆಮೇಲೆ ವರ್ಷಗಟ್ಟಲೆ "ಪಾಪ, ಮಾತಾಡೋಕೆ ಯಾರೂ ಇಲ್ಲ ಅದಕ್ಕೆ" ಅನ್ನುತ್ತಿದ್ದರು. 2014ರಲ್ಲಿ ಅದು ಸತ್ತ ಸುದ್ದಿ ಪೇಪರಲ್ಲಿ ಓದಿ ಹೇಳಿದಾಗ ಊಟದ ತಟ್ಟೆ ಸರಿಸಿ ಎದ್ದಿದ್ದರು. ಈಗಿರುವುದು ತಾಬೋ ಮತ್ತು ಡೆಂಬಾ, 2021ರಲ್ಲಿ ಜರ್ಮನಿಯಿಂದ ಬಂದವು. ನಾವು ನೋಡುವಾಗ ಒಂದು ಹುಲ್ಲಿನ ಮೇಲೆ ಕೂತು ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡುತ್ತಿತ್ತು, ಉಗುರಿಗೆ ಮುಳ್ಳು ಚುಚ್ಚಿದವರ ಥರ. ಅಮ್ಮ ಸೆರಗು ತಲೆಗೆ ಹೊದ್ದು ಬಿಸಿಲಲ್ಲೇ ನಿಂತಿದ್ದರು. "ಜೊತೆ ಸಿಕ್ಕಿತಲ್ಲ" ಅಂದರು. ಪೋಲೋ ಬೇರೆ, ಇವು ಬೇರೆ ಅಂತ ತಿದ್ದಲು ಹೋಗಲಿಲ್ಲ.

ಪಕ್ಕದಲ್ಲೇ ನಾಲ್ಕೈದು ಹುಡುಗರು ಚಿಂಪಾಂಜಿಗೆ ಸಿಳ್ಳೆ ಹೊಡೆದು ಕೂಗುತ್ತಿದ್ದರು. ಸಿಬ್ಬಂದಿ ಬಂದು ಗದರಿದ ಮೇಲೆ ಸುಮ್ಮನಾದರು. ನಿಮ್ಮ ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಬನ್ನಿ.

ಹಾವು, ಮೊಸಳೆ, ಘೇಂಡಾಮೃಗ ಎಲ್ಲ ನೋಡಿದೆವು. ನೀರಾನೆ ಕೊಳದಲ್ಲಿ ಮೊದಲು ಕಂಡಿದ್ದು ಎರಡು ಕಿವಿ, ಕಾಲು ಗಂಟೆ ಕಾದರೂ ಕಂಡಿದ್ದು ಅಷ್ಟೇ. ಹನ್ನೊಂದೂವರೆಗೆ ಮಗನ ಬ್ಯಾಟರಿ ಮುಗಿಯಿತು. ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂರಿಸಿದೆವು. ಅಲ್ಲಿ ಕಾಲಡಿ ಓಡಾಡಿದ ಅಳಿಲೇ ಅವನಿಗೆ ಹುಲಿಗಿಂತ ಹೆಚ್ಚಾಯಿತು.

ಬಹಳ ಜನ ಬೆಳಿಗ್ಗೆ ಝೂ, ಆಮೇಲೆ ಅರಮನೆ, ಬೆಟ್ಟ, ಸಂಜೆ ಕೆಆರ್‌ಎಸ್ ಅಂತ ಒಂದೇ ದಿನಕ್ಕೆ ತುರುಕುತ್ತಾರೆ. ದಯವಿಟ್ಟು ಬೇಡ. ಝೂ ಆದಮೇಲೆ ಊಟ ಮಾಡಿ ಕಾರಂಜಿ ಕೆರೆಗೆ ಹೋಗಿ, ಸಾಕು. ಎರಡಕ್ಕೂ ಸೇರಿಸಿದ ಟಿಕೆಟ್ ಸಿಗುತ್ತೆ. ಕೆರೆಯ ಮುಖ್ಯ ಗೇಟು ಸುತ್ತಿಕೊಂಡು ಹೋಗುವಷ್ಟು ದೂರ, ಹಾಗಾಗಿ ಅಮ್ಮನಿಗೆ ಮತ್ತೆ ಆಟೋ. ಅಲ್ಲಿ ದೊಡ್ಡ ಪಕ್ಷಿಮನೆ ಇದೆ, ನಾವೇ ಒಳಗೆ ನಡೆದಾಡಬಹುದು, ನವಿಲು ಕಾಲಿಗೇ ಸಿಗುತ್ತೆ. ಪೆಡಲ್ ದೋಣಿ ತುಳಿಯುವಾಗ ತಲೆ ಮೇಲೆ ಹೆಜ್ಜಾರ್ಲೆಯೊಂದು ವಿಮಾನದ ಹಾಗೆ ಹಾದು ದ್ವೀಪದ ಮರದ ಮೇಲೆ ಇಳಿಯಿತು. "ಅಪ್ಪಾ, ಇದು ಯಾವ ಬೋನಿಂದ ತಪ್ಪಿಸಿಕೊಂಡಿದ್ದು?" ಅಂದ ಮಗ.

ಐದಕ್ಕೆಲ್ಲ ಸ್ಟ್ಯಾಂಡ್ ಸೇರಿಬಿಡಿ. ಆಮೇಲೆ ಆಫೀಸು ಬಿಟ್ಟವರ ನೂಕುನುಗ್ಗಲು. ನಾವು ಐದೂಮುಕ್ಕಾಲಿಗೆ ಹೋದೆವು. ಹಾಸನದ ಬಸ್ಸು ಇನ್ನೂ ತಿರುಗಿಸಿ ನಿಲ್ಲಿಸಿರಲಿಲ್ಲ, ಬಾಗಿಲಿಗೆ ಜನ ಮುತ್ತಿದ್ದರು. ಹಾಕೋಕೆ ಟವೆಲ್ ಇರಲಿಲ್ಲ. ಚಿತ್ರಾನ್ನದ ಖಾಲಿ ಡಬ್ಬಿಯನ್ನೇ ಕಿಟಕಿಯಿಂದ ತೂರಿಸಿ ಅಮ್ಮನಿಗೊಂದು ಸೀಟು ಹಿಡಿದೆ.