ಅಂಗಳ ಬೆಳ್ಳಗಾದ ಸಂಜೆ

ಕೊಡಗಿನ ಶನಿವಾರಸಂತೆ ಕಡೆ ಏಪ್ರಿಲ್ ಬಂತೆಂದರೆ ತೋಟದವರೆಲ್ಲ ಮಧ್ಯಾಹ್ನವಾದರೆ ಆಕಾಶ ನೋಡುತ್ತೇವೆ. ಹೂಮಳೆ ಬಂದು, ಕಾಫಿ ಹೂ ಅರಳಿ ಉದುರಿ ಆಗಿತ್ತು. ಹಿಂದೆಯೇ ಇನ್ನೊಂದು ಹದವಾದ ಮಳೆ, ನಾವು ಬ್ಯಾಕಿಂಗ್ ಮಳೆ ಅನ್ನುತ್ತೇವಲ್ಲ, ಅದು ಬಿದ್ದರೆ ಮಿಡಿ ನಿಲ್ಲುತ್ತದೆ. ಅದಕ್ಕೇ ಕಾಯುತ್ತಿದ್ದೆವು.

ಅವತ್ತು ಬೆಳಿಗ್ಗೆಯಿಂದ ವಿಪರೀತ ಸೆಕೆ. ಸಿಲ್ವರ್ ಓಕ್ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಪೂರ್ತಿ ಕತ್ತಲಾಯಿತು. ಗಾಳಿ ಬೀಸಿತು, ಕರೆಂಟ್ ಹೋಯಿತು. ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನು ಬಾಚಿ ಟಾರ್ಪಾಲ್ ಮುಚ್ಚುವಷ್ಟರಲ್ಲಿ ಹೆಂಚಿನ ಮೇಲೆ ಟಪ್ ಟಪ್ ಶುರುವಾಯಿತು. "ಆಲಿಕಲ್ಲು, ಒಳಗೆ ಬನ್ನಿ!" ಎಂದು ಅತ್ತೆ ಕೂಗಿದರು.

ಆಲಿಕಲ್ಲು ನಮಗೆ ಹೊಸದಲ್ಲ. ನಾಲ್ಕು ಕಲ್ಲು ಬಿದ್ದು, ಆರಿಸುವ ಮೊದಲೇ ಕರಗಿ ಹೋಗುತ್ತದೆ. ಈ ಸಲ ಹಾಗಾಗಲಿಲ್ಲ. ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನೋಡುತ್ತಿದ್ದಂತೆ ಕಣ, ಅಂಗಳ, ದನದ ಕೊಟ್ಟಿಗೆಯ ಶೀಟು, ತುಳಸಿಕಟ್ಟೆ ಎಲ್ಲ ಬೆಳ್ಳಗಾದವು.

ಸದ್ದು ನಿಂತಿದ್ದೇ ತಡ, ಮಕ್ಕಳು ಹೊರಗೆ ಓಡಿದರು. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳೂ ಬಂದು ಸೇರಿಕೊಂಡರು. ಬರಿಗೈಯಲ್ಲಿ ಬಾಚಿ ಒಬ್ಬರ ಮೇಲೊಬ್ಬರು ಎರಚಿದರು. ಕೈ ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಕುಣಿದರು. ಅತ್ತೆ ಚೊಂಬು ತುಂಬಾ ಆರಿಸಿ, ತೊಳೆದು, ಬೆಲ್ಲದ ಪಾನಕಕ್ಕೆ ಹಾಕಿದರು. ಆ ಸೆಕೆಯ ದಿನದ ಕೊನೆಗೆ ಅಷ್ಟು ತಣ್ಣಗಿನ ಪಾನಕ! ಅದರ ರುಚಿ ಇನ್ನೂ ನಾಲಿಗೆ ಮೇಲಿದೆ.

"ಅಮ್ಮಾ, ಇದು ಕಾಶ್ಮೀರದ ಹಿಮದ ಥರಾನೇ ಅಲ್ವಾ?" ಎಂದು ಮಗಳು ಕೇಳಿದಳು. ಅಲ್ಲ ಎಂದೆ. ಹಿಮ ಬಿದ್ದು ನಿಲ್ಲಬೇಕಾದರೆ ನೆಲದ ಹತ್ತಿರವೂ ಚಳಿ ಕೊರೆಯುತ್ತಿರಬೇಕು. ಆಲಿಕಲ್ಲಿಗೆ ಬೇಕಾಗಿರುವುದು ನಮ್ಮ ಸೆಕೆಯೇ. ಕಾದ ನೆಲದಿಂದ ಬಿಸಿಗಾಳಿ ಜೋರಾಗಿ ಮೇಲೇರಿ ಎತ್ತರದ ಮೋಡ ಕಟ್ಟುತ್ತದೆ. ನಮ್ಮ ಕಡೆ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವ ಚಳಿ. ಏರುವ ಗಾಳಿ ಮಂಜಿನ ಹರಳನ್ನು ಬೀಳಲು ಬಿಡದೆ ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ನೀರು ಅಂಟಿ ಅಂಟಿ ಪದರ ಬೆಳೆಯುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತದೆ. ಇವರು ಒಳಗಿಂದ ಅಡಕತ್ತರಿ ತಂದು ಒಂದು ದೊಡ್ಡ ಕಲ್ಲನ್ನು ಕತ್ತರಿಸಿದರು. ಈರುಳ್ಳಿಯ ಹಾಗೆ ಸುತ್ತುಸುತ್ತು, ಒಂದು ಪದರ ಹಾಲುಬಿಳಿ, ಇನ್ನೊಂದು ಗಾಜಿನಂತೆ ತಿಳಿ. ಮಕ್ಕಳು ತಲೆಗೆ ತಲೆ ತಾಗಿಸಿ ನೋಡಿದರು. ಜೂನ್, ಜುಲೈನಲ್ಲಿ ಭಾಗಮಂಡಲದ ಕಡೆ ವಾರಗಟ್ಟಲೆ ಮಳೆ ಸುರಿದರೂ ಸಾಮಾನ್ಯವಾಗಿ ಆಲಿಕಲ್ಲು ಬೀಳುವುದಿಲ್ಲ. ಮುಂಗಾರಿನ ಮೋಡದಲ್ಲಿ ಗಾಳಿ ಅಷ್ಟು ಜೋರಾಗಿ ಮೇಲೇರುವುದಿಲ್ಲ.

ಇವರು ಆಗಲೇ ತೋಟದ ಕಡೆ ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಏನಾಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಮಕ್ಕಳ ಜೊತೆ ಕೂತು ಒಂದು ಗುಡ್ಡೆ ಕಟ್ಟಿದರು, ಅದಕ್ಕೆ ಮೆಣಸಿನ ಕಾಳಿನ ಕಣ್ಣಿಟ್ಟರು. ತೋಟಕ್ಕೆ ಬೆಳಿಗ್ಗೆ ಹೋದರಾಯಿತು ಅಂದರು. ಅವತ್ತು ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ಬೆಳಿಗ್ಗೆ ಹೋದೆವು. ಗಾಳಿ ಬಂದ ದಿಕ್ಕಿನ ಸಾಲುಗಳಲ್ಲಿ ಎಲೆ ಹರಿದು ಜಾಲರಿಯಾಗಿತ್ತು. ಮಿಡಿಗಳು ಬುಡದಲ್ಲಿ ಉದುರಿದ್ದವು. ಎಳೆ ರೆಂಬೆಗಳ ಸಿಪ್ಪೆ ಕಿತ್ತಿತ್ತು. ಗದ್ದೆಯಲ್ಲಿ ಹಸಿಮೆಣಸು ಹಾಕಿದ್ದ ಪಕ್ಕದವರ ಪಾಡು ಇನ್ನೂ ಕೆಟ್ಟದ್ದು, ಗಿಡಗಳು ಬರೀ ಕಡ್ಡಿಯಾಗಿ ನಿಂತಿದ್ದವು. ಅವರ ಮುಂದೆ ನಮ್ಮ ನಷ್ಟದ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ. ಹಾಗೆಂದು ಹಿಂದಿನ ಸಂಜೆಯ ಸಂತೋಷ ತಪ್ಪು ಅಂತಲೂ ಅನಿಸಲಿಲ್ಲ. ನಾವು ಅಳುತ್ತಾ ಕೂತಿದ್ದರೆ ಒಂದು ಮಿಡಿಯೂ ಉಳಿಯುತ್ತಿರಲಿಲ್ಲ.

ಮುರಿದ ರೆಂಬೆ ತೆಗೆಸುವುದು, ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ತಪ್ಪದೆ ಮಾಡಿಸುವುದು ಎಂದು ಅಲ್ಲೇ ಮಾತಾಡಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಇವರು ಅದಕ್ಕೆ ಬೇಕಾದ ಸುಣ್ಣ, ಮೈಲುತುತ್ತದ ಲೆಕ್ಕ ಬರೆಯುತ್ತಿದ್ದರು.